ಇವರ ಚಾವಟಿಗೆ ಎಷ್ಟು ಅಡಿ

ಮಾರ್ಚ್ ೩, ಭಾನುವಾರ

ಯಾರದು, ಕೈ ಒರೆಸಿಕೊಳ್ಳದೆ ಈ ಪುಸ್ತಕ ತೆರೆದವರು? ನಾಚಿಕೆಯಾಗಬೇಕು. ಮುದುಕಿ ಏನು ಗೀಚಿಕೊಂಡಿದ್ದಾಳೆ ನೋಡೋಣ ಎಂಬ ಚಪಲವೇ? ಬಟ್ಟೆಯ ಅಳತೆ ಬೇಕಿದ್ದರೆ ಮುಂದಿನಿಂದ ತೆರೆಯಿರಿ. ಅಲ್ಲಿ ಹೊಲಿಗೆಯ ಸೊಸೆ ತನ್ನ ಗಿರಾಕಿಗಳ ಎದೆ, ಸೊಂಟ, ತೋಳು ಎಲ್ಲ ಬರೆದಿಟ್ಟಿದ್ದಾಳೆ. ಹಿಂದಿನಿಂದ ಇರುವುದು ನನ್ನದು. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಯ ತನಕ ಕಲಿತವಳು. ಸಾಲು ಸೊಟ್ಟಗಿದ್ದರೆ ಮೂಗು ಮುರಿಯಬೇಡಿ, ಓದಿ ಎಂದು ನಾನೇನು ಕರೆದಿರಲಿಲ್ಲ. ಸೊಸೆಯಾಗಿದ್ದರೆ ಹೋಗು, ನಿನ್ನ ಮಿಷನ್ನಿಗೆ ಎಣ್ಣೆ ಬಿಡು. ಮೊಮ್ಮಗಳಾಗಿದ್ದರೆ, ನಿನ್ನ ಫೋನನ್ನು ನಾನು ಮುಟ್ಟುತ್ತೇನೆಯೇ? ಬೇರೆ ಯಾರಾದರೂ ಆಗಿದ್ದರೆ ನಮ್ಮ ಮನೆಯೊಳಗೆ ನಿಮ್ಮನ್ನು ಬಿಟ್ಟವರು ಯಾರು?

ಬಾಯಿಬಿಟ್ಟು ಹೇಳುವ ಸಂಗತಿ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವರಿಗೆ ಚಾವಟಿ ಹುಚ್ಚು ಹಿಡಿದಿದೆ.

ಇವರು ಎಂದರೆ ನನ್ನ ಗಂಡ. ಬದುಕಿಡೀ ಬಸ್ಸು ಓಡಿಸಿದವರು. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಬಲಭುಜ ಬಿಗಿದುಕೊಂಡು, ಈಗ ಕೈ ಎತ್ತಿದರೆ ಎದೆಯ ಮಟ್ಟದಲ್ಲೇ ನಿಲ್ಲುತ್ತದೆ. ಅಂಗಿಯ ತೋಳಿಗೆ ಕೈ ತೂರಿಸುವುದೂ ನಾನೇ, ಬೆನ್ನು ಉಜ್ಜುವುದೂ ನಾನೇ, ಸಂಜೆ ಎಣ್ಣೆ ಬೆಚ್ಚಗೆ ಮಾಡಿ ಭುಜ ತಿಕ್ಕುವುದೂ ನಾನೇ. ಡಾಕ್ಟರು, "ಕೈ ಆಡಿಸ್ತಾ ಇರಿ, ಇಷ್ಟವಾದ ಏನಾದ್ರೂ ಮಾಡಿ," ಎಂದಿದ್ದರು. ಇವರು ವಾಕಿಂಗಿಗೆ ಹೋದವರು ಮುಚ್ಚಿದ ಗಿರಣಿಯ ಮೈದಾನದ ಕಡೆಯಿಂದ ಛಟ್ ಛಟ್ ಎಂಬ ಸದ್ದು ಕೇಳಿ ಬೇಲಿ ದಾಟಿ ಒಳಗೆ ಹೋದರಂತೆ. ಅಲ್ಲಿ ಭಾನುವಾರ ಭಾನುವಾರ ಕೆಲಸವಿಲ್ಲದ ಏಳೆಂಟು ಜನ ಸೇರಿ ಗಾಳಿಗೆ ಚಾವಟಿ ಬೀಸುತ್ತಾರಂತೆ. ದನ ಇಲ್ಲ, ಕುದುರೆ ಇಲ್ಲ, ಬರೀ ಗಾಳಿ.

"ಗಾಳಿ ನಿಮಗೇನು ಮಾಡ್ತು ರೀ, ಹೊಡೆಯೋಕೆ?" ಎಂದು ಕೇಳಿದೆ.

"ಅದು ಹವ್ಯಾಸ ಕಣೇ. ಒಬ್ರು ಹೇಳಿಕೊಡ್ತಾರೆ. ಮುಂದಿನ ವಾರದಿಂದ ನಾನೂ ಹೋಗ್ತೀನಿ."

"ಯಾರು ಆ ಮೇಷ್ಟ್ರು?"

"ಮೇಷ್ಟ್ರಲ್ಲ," ಎಂದರು, ಚಪ್ಪಲಿ ಬಿಚ್ಚುತ್ತಾ, ನೆಲ ನೋಡುತ್ತಾ. "ಹೆಂಗಸು."

ಮಾರ್ಚ್ ೧೦, ಭಾನುವಾರ

ನೀರಿನ ಬಾಟಲಿ ಮರೆತು ಹೋಗಿದ್ದರು. ಮರೆಯದಿದ್ದರೂ ನಾನು ಹೋಗುತ್ತಿದ್ದೆ.

ಅವಳನ್ನು ನೋಡಿದೆ. ಸರ್ಕಸ್ಸಿನಲ್ಲಿದ್ದವಳಂತೆ, ಊರಿಂದೂರಿಗೆ ತಿರುಗಿ ಚಾವಟಿಯಿಂದ ಹೂವು ಕತ್ತರಿಸುತ್ತಿದ್ದವಳಂತೆ. ನನಗಿಂತ ಹೆಚ್ಚೆಂದರೆ ಎರಡು ವರ್ಷಕ್ಕೆ ಚಿಕ್ಕವಳು. ಕೂದಲು ಹುಡುಗರ ಹಾಗೆ ಕತ್ತರಿಸಿದ್ದಾಳೆ, ಪ್ಯಾಂಟು ಹಾಕುತ್ತಾಳೆ. ಬೆನ್ನು ಮಾತ್ರ ನೆಟ್ಟಗೆ, ಬಾಗಿಲ ಚೌಕಟ್ಟಿನ ಹಾಗೆ. ನಾನು ಇನ್ನುಮುಂದೆ ಅವಳನ್ನು ಸರ್ಕಸ್ಸಮ್ಮ ಎಂದೇ ಕರೆಯುವುದು. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಕೈಯಲ್ಲಾಗದು.

ಇವರ ಹಿಂದೆ ನಿಂತು ಮೊಣಕೈ ಹಿಡಿದು, "ಇಲ್ಲಿಂದ ಡ್ರೈವರಣ್ಣ, ಭುಜದಿಂದ ಅಲ್ಲ, ಇಲ್ಲಿಂದ," ಎನ್ನುತ್ತಿದ್ದಳು. ಅಣ್ಣ ಅಂತೆ. ಹಿಂದೊಂದು ಅಣ್ಣ ಸೇರಿಸಿಬಿಟ್ಟರೆ ಯಾರ ಮೊಣಕೈಯನ್ನಾದರೂ ಹಿಡಿಯಬಹುದೇನೋ. ಇವರೋ, ಮದುವೆಯಾದ ಹೊಸದರಲ್ಲಿ ನಾನು ಏನಾದರೂ ಹೇಳಿಕೊಡಲು ಹೋದರೆ, "ಗೊತ್ತು ಗೊತ್ತು," ಎನ್ನುತ್ತಿದ್ದ ಮನುಷ್ಯ, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ತಲೆಯಾಡಿಸುತ್ತಿದ್ದರು.

ನನ್ನನ್ನು ಕಂಡು ಅವಳು, "ಬನ್ನಿ ಅಕ್ಕ," ಎಂದಳು.

"ನೀರು ಕೊಡೋಕೆ ಬಂದೆ. ಅಕ್ಕ ಆಗೋಕೆ ಬಂದಿಲ್ಲ," ಎಂದು ಬಾಟಲಿ ಕಲ್ಲಿನ ಮೇಲಿಟ್ಟು ಬಂದೆ.

ಮಾರ್ಚ್ ೧೨, ಮಂಗಳವಾರ

ಎಣ್ಣೆ ಬೆಚ್ಚಗೆ ಮಾಡಿ ತಂದರೆ, "ಇವತ್ತು ಬೇಡ ಬಿಡೇ, ಭುಜ ಹಗುರಾಗಿದೆ," ಎಂದರು.

ಹಗುರಾಗಿದೆಯಂತೆ. ನಿನ್ನೆಯೂ ಹಾಗೇ ಅಂದಿದ್ದರು. ಅಷ್ಟು ವರ್ಷ ತಿಕ್ಕಿದ್ದು ನಾನು, ಹಗುರ ಮಾಡಿದ್ದು ಯಾರೋ. ಎಣ್ಣೆಯನ್ನು ವಾಪಸು ಬಾಟಲಿಗೆ ಸುರಿದೆ.

ಮಾರ್ಚ್ ೧೪, ಗುರುವಾರ

ಈಗ ಸ್ವಂತ ಚಾವಟಿ ಬೇಕಂತೆ. ದೂರದ ಊರಿನಲ್ಲಿ ಒಬ್ಬ ಮುದುಕ ತೊಗಲು ಸೀಳಿ ಚಾವಟಿ ಹೆಣೆಯುತ್ತಾನಂತೆ, ಕಾಗದ ಬರೆದರೆ ಮಾಡಿ ಕಳಿಸುತ್ತಾನಂತೆ. ಅವನ ಪ್ರಶ್ನೆಗಳನ್ನು ಸರ್ಕಸ್ಸಮ್ಮ ಇವರಿಗೆ ಬರೆದುಕೊಟ್ಟಿದ್ದಾಳೆ: ಬೀಸುವವರ ಎತ್ತರವೆಷ್ಟು, ಅಂಗೈ ದೊಡ್ಡದೋ ಚಿಕ್ಕದೋ, ದಿನಾ ಬೀಸುತ್ತಾರೋ ಯಾವಾಗಲಾದರೊಮ್ಮೆಯೋ, ಎಲ್ಲಿ ನಿಂತು ಬೀಸುತ್ತಾರೆ, ಎಷ್ಟು ಅಡಿ ಬೇಕು. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ಇವರಿಗೆ ಪೆನ್ನು ಹಿಡಿದರೆ ಭುಜ ಎಳೆಯುತ್ತದೆ. "ನೀನೇ ಬರಿ," ಎಂದರು. ಬರೆಯುವ ಮೊದಲು ಊಟದ ಮೇಜಿನ ಮೇಲೆ ಸೌಟು, ಚಮಚ ಜೋಡಿಸಿಕೊಂಡು ನನಗೆ ಪಾಠ ಮಾಡಿದರು.

"ನೋಡು, ಈ ಸೌಟು ಹತ್ತಡೀದು ಅಂದ್ಕೋ. ಉದ್ದದ್ದು ನಿಧಾನ. ಹಿಂದಕ್ಕೆ ಹೋಗಿ ಮುಂದಕ್ಕೆ ಬರೋ ಹೊತ್ತಿಗೆ ಯೋಚನೆ ಮಾಡೋಕೆ ಪುರುಸೊತ್ತು ಸಿಗುತ್ತೆ. ಆದ್ರೆ ಭಾರ. ಸುತ್ತ ಯಾರೂ ಇರಬಾರ್ದು. ಈ ಚಮಚ ನಾಲ್ಕಡೀದು. ಹಗುರ, ಜಾಗ ಬೇಡ. ಆದ್ರೆ ಭಾರೀ ಚುರುಕು, ತಪ್ಪು ಮಾಡಿದ್ರೆ ಬಿಡಲ್ಲ."

"ಬಿಡಲ್ಲ ಅಂದ್ರೆ?"

"ಮುಖಕ್ಕೇ ಬರುತ್ತೆ. ನನ್ನಂಥ ಭಾನುವಾರದ ಗಿರಾಕಿಗೆ ಆರಡಿ ಸರಿ ಅಂತ ಅವರು ಹೇಳ್ತಾರೆ."

ಅವರು ಹೇಳ್ತಾರೆ. ಈ ವಾರವೆಲ್ಲ ನಮ್ಮ ಮನೆಯಲ್ಲಿ ಇದೇ ಪಲ್ಲವಿ. ಟೀಗೆ ಸಕ್ಕರೆ ಕಡಿಮೆ ಹಾಕಬೇಕು, ಅವರು ಹೇಳ್ತಾರೆ. ಬೆಳಗ್ಗೆ ಮೈ ಮುರಿಯಬೇಕು, ಅವರು ಹೇಳ್ತಾರೆ.

"ನಾಲ್ಕಡೀದಾದ್ರೆ ನಮ್ಮ ಹಿತ್ತಲಲ್ಲೇ ಬೀಸಬಹುದಾ?" ಎಂದು ಕೇಳಿದೆ.

"ಬೀಸಬಹುದೇನೋ."

"ಮತ್ತೆ ಮೈದಾನಕ್ಕೆ ಯಾಕೆ ಅಲೆದಾಟ, ಈ ವಯಸ್ಸಲ್ಲಿ?"

ನಾನು, 'ಜಾಗ: ಮನೆಯ ಹಿತ್ತಲು. ಉದ್ದ: ನಾಲ್ಕು ಅಡಿ' ಎಂದು ದಪ್ಪಗೆ ಬರೆದು ಅವರ ಮುಂದೆ ತಳ್ಳಿದೆ. ಕನ್ನಡಕ ಹಾಕಿಕೊಂಡು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಲಕೋಟೆಗೆ ಎಂಜಲು ಹಚ್ಚಿ ಅಂಟಿಸಿದರು.

ಗೆದ್ದೆ. ಗೆದ್ದ ಮೇಲೆ ಸೌಟು ತೊಳೆದಿಟ್ಟೆ.

ಮಾರ್ಚ್ ೨೪, ಭಾನುವಾರ

ಚಾವಟಿ ಬಂತು. ನಮ್ಮ ಮನೆಗಲ್ಲ, ಅವಳ ಮನೆಗೆ. ಆ ಮುದುಕನಿಗೆ ಅವಳ ವಿಳಾಸ ಬಾಯಿಪಾಠವಂತೆ, ಎಲ್ಲರದ್ದೂ ಅಲ್ಲಿಗೇ ಕಳಿಸುತ್ತಾನಂತೆ. ಹಣ ನಮ್ಮದು, ಭುಜ ನಮ್ಮದು, ಪೊಟ್ಟಣ ಬಿಚ್ಚಿದ್ದು ಅವಳು.

ಇವರು ಅದನ್ನು ಹೊಸ ಹುಟ್ಟಿದ ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದು ತಂದರು. ಕಂದು ಬಣ್ಣ, ಹಾವಿನ ಮೈಯಂತೆ ನುಣುಪು ಹೆಣಿಗೆ. ಸುಳ್ಳು ಯಾಕೆ, ಚೆನ್ನಾಗಿದೆ. ನಾನು ಸೊಸೆಯ ಟೇಪು ತಂದು ಅಳೆದೆ. ಆರೂವರೆ ಅಡಿ.

"ಮೋಸ. ನಾಲ್ಕು ಅಂತ ಬರೆದಿದ್ದು ನಾನೇ."

ಇವರು ನಕ್ಕರು. "ಲೆಕ್ಕ ಹಾಗಲ್ಲ ಕಣೇ. ಹಿಡಿಯಿಂದ ಹೆಣಿಗೆ ಮುಗಿಯೋ ತನಕ ಮಾತ್ರ ಅಳೆಯೋದು. ಅಲ್ಲಿಂದ ಮುಂದೆ ಈ ಒಂಟಿ ಪಟ್ಟಿ ಇದೆಯಲ್ಲ, ಇದು ಬಾಲ. ತುದಿಯ ದಾರ ಕುಚ್ಚು. ಸದ್ದು ಮಾಡೋದು ಈ ಕುಚ್ಚೇ. ಬಾಲ, ಕುಚ್ಚು ಎರಡೂ ಲೆಕ್ಕಕ್ಕೆ ಬರಲ್ಲ."

"ಲೆಕ್ಕಕ್ಕೆ ಬರದಿದ್ರೂ ಗೋಡೆಗೆ ತಾಗುತ್ತಲ್ಲ."

"ಅವರೂ ಅದನ್ನೇ ಹೇಳಿದ್ರು."

ಹೇಳದೆ ಇರುತ್ತಾಳೆಯೇ.

ಮಾರ್ಚ್ ೨೫, ಸೋಮವಾರ

ಹಿತ್ತಲಲ್ಲಿ ಮೊದಲ ಬೀಸು. ನಮ್ಮ ಹಿತ್ತಲೆಂದರೆ ಒಂದು ಕಡೆ ನೀರಿನ ತೊಟ್ಟಿ, ಇನ್ನೊಂದು ಕಡೆ ಗೋಡೆ, ನಡುವೆ ಬಟ್ಟೆ ಒಣಗಿಸುವ ತಂತಿ. ಚಾವಟಿ ಹಿಂದಕ್ಕೆ ಹೋಗಿ ತೊಟ್ಟಿಗೆ ಬಡಿದು, ಮುಂದಕ್ಕೆ ಬಂದು ತಂತಿಗೆ ಸುತ್ತಿಕೊಂಡಿತು. ತಂತಿಯ ಮೇಲೆ ಗಿರಾಕಿಯೊಬ್ಬಳ ಬಿಳಿ ರೇಷ್ಮೆ. ಅದರ ಮೇಲೆ ಕಂದು ಗೆರೆ.

ಸೊಸೆ ಮಿಷನ್ ಬಿಟ್ಟು ಓಡಿ ಬಂದಳು. "ಮಾವ, ಇದು ಮದುವೆ ಹುಡುಗೀದು. ನಾನು ಅವಳಿಗೆ ಏನು ಹೇಳಲಿ, ನಮ್ಮ ಮಾವ ಇದಕ್ಕೆ ಬಾರಿಸಿದ್ರು ಅಂತಲಾ?"

"ತಪ್ಪಾಯ್ತಮ್ಮ," ಎಂದರು ಇವರು. "ಮೈದಾನಕ್ಕೇ ಹೋಗ್ತೀನಿ ಬಿಡು. ಇಲ್ಲಿ ಆಗಲ್ಲ."

ಹೇಳುವಾಗ ಮುಖದಲ್ಲಿ ಬೇಸರವೇ ಇರಲಿಲ್ಲ. ನಾನು ನೋಡಿದೆ.

ಮಾರ್ಚ್ ೨೬, ಮಂಗಳವಾರ

ಮಧ್ಯಾಹ್ನ ಇವರು ನಿದ್ದೆ ಮಾಡುವಾಗ ಬಾಲ ಕತ್ತರಿಸಿದೆ.

ಕಳ್ಳತನವೇನಲ್ಲ. ನಾನು ಕೇಳಿದ್ದು ನಾಲ್ಕಡಿ, ಬಂದದ್ದು ಆರೂವರೆ, ಹೆಚ್ಚಿಗೆ ಬಂದದ್ದನ್ನು ತೆಗೆದೆ. ಲೆಕ್ಕಕ್ಕೆ ಬರದ್ದು ಎಂದು ಇವರೇ ಹೇಳಿದ್ದಾರೆ. ಲೆಕ್ಕಕ್ಕೆ ಬರದ್ದು ಇದ್ದರೇನು, ಹೋದರೇನು? ದೊಡ್ಡ ಕತ್ತರಿ ಸೊಸೆಯ ಕೈಯಲ್ಲಿತ್ತು. ಗೋಡೆಗೆ ನೇತುಹಾಕಿದ್ದ ಇನ್ನೊಂದನ್ನು ತೆಗೆದುಕೊಂಡೆ, ಬಟ್ಟೆಯ ನೂಲು ಬಿಚ್ಚದಂತೆ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುತ್ತದಲ್ಲ, ಅದು. ತೊಗಲು ಜಗ್ಗಲಿಲ್ಲ. ಎರಡೂ ಕೈ ಹಾಕಿ ಹಿಸುಕಬೇಕಾಯಿತು. ಮೋಟು ಉಳಿದ ತುದಿಗೆ ಕುಚ್ಚನ್ನು ಮತ್ತೆ ಕಟ್ಟಿದೆ. ನನ್ನ ಗಂಟು ಬಿಚ್ಚುವುದಿಲ್ಲ, ದನ ಕಟ್ಟಿದ ಕೈ ಇದು.

ಈಗ ಹಿತ್ತಲಿಗೆ ಸರಿಯಾಗಿದೆ. ಭಾನುವಾರ ಅವಳು ಬೇರೆ ಯಾರದಾದರೂ ಮೊಣಕೈ ಹಿಡಿದುಕೊಳ್ಳಲಿ.

ಮಾರ್ಚ್ ೨೭, ಬುಧವಾರ

ಕಿವಿ.

ಬಲಗಿವಿಯ ಮೇಲ್ತುದಿ ಸೀಳಿತು. ತಂತಿಯ ಬಟ್ಟೆ ತೆಗೆದಿದ್ದೇನೆ, ಹಿತ್ತಲಲ್ಲೇ ಇನ್ನೊಮ್ಮೆ ಬೀಸಿ ನೋಡಿ ಎಂದವಳು ನಾನೇ. ಮೊದಲನೇ ಬೀಸಿಗೇ. ಸದ್ದು ಬಂದದ್ದು ಗಾಳಿಯಲ್ಲಲ್ಲ. ಇವರು ಅಯ್ಯೋ ಎನ್ನಲಿಲ್ಲ, ಕಿವಿ ಒತ್ತಿ ಹಿಡಿದು ಚಾವಟಿಯ ಕಡೆ ನೋಡುತ್ತಾ ನಿಂತರು, ಸಾಕಿದ ನಾಯಿ ಕಚ್ಚಿದರೆ ನೋಡುವ ಹಾಗೆ. ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಲಿಗೆ ಹಾಕಿದ್ದಾರೆ.

ಇವತ್ತು ಇಷ್ಟೇ.

ಮಾರ್ಚ್ ೩೧, ಭಾನುವಾರ

ಇವರು ಮೈದಾನಕ್ಕೆ ಹೋಗಲಿಲ್ಲ. ಮನೆಯಲ್ಲೇ ಇದ್ದಾರೆ. ನನಗೆ ಬೇಕಾಗಿದ್ದುದೂ ಇದೇ.

ಚಾವಟಿ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ನೀರು ತರಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಅದರ ಮೇಲೊಂದು ಒರೆಸುವ ಬಟ್ಟೆ ಹಾಕಿದೆ.

ಏಪ್ರಿಲ್ ೨, ಮಂಗಳವಾರ

ಸಂಜೆ ಎಣ್ಣೆ ಬೆಚ್ಚಗೆ ಮಾಡಿದೆ. ಬೇಡವೆನ್ನಲಿಲ್ಲ, ಅಂಗಿ ಬಿಚ್ಚಿ ಬೆನ್ನು ಕೊಟ್ಟು ಕುಳಿತರು. ಭುಜ ಮತ್ತೆ ಕಲ್ಲಾಗಿದೆ. ನಡುವೆ ಕೈ ಕಿವಿಯ ತನಕ ಏಳುತ್ತಿತ್ತು, ಒಂದು ದಿನ ತಾವೇ ತಲೆ ಬಾಚಿಕೊಂಡದ್ದನ್ನು ನೋಡಿ ನನಗೆ ಉರಿದಿತ್ತು. ಈಗ ನಾನೇ ಬಾಚುತ್ತೇನೆ. ಅದಕ್ಕೇನಂತೆ, ಬಾಚುತ್ತೇನೆ.

"ನೋಯ್ತಾ ಇದೆಯಾ?" ಎಂದೆ.

"ಇಲ್ಲ."

"ಮೈದಾನಕ್ಕೆ ಹೋಗೋದಿದ್ರೆ ಹೋಗಿ. ನಾನೇನು ಕಾಲು ಕಟ್ಟಿದ್ದೀನಾ?"

"ನನಗೆ ಅದು ಒಗ್ಗಲ್ಲ ಕಣೇ. ಕೈಯಲ್ಲಿ ಬಲ ಇಲ್ಲ. ವಯಸ್ಸಾಯ್ತು."

ಇವರ ಬಾಯಲ್ಲಿ ವಯಸ್ಸಾಯ್ತು ಎಂಬ ಮಾತು ನಾನು ಕೇಳಿರಲಿಲ್ಲ. ಅದು ನನ್ನ ಮಾತು. ಇವರನ್ನು ಬೈಯಲು ನಾನಿಟ್ಟುಕೊಂಡದ್ದು.

ಅಷ್ಟರಲ್ಲಿ ಒಳಗಿಂದ ಸೊಸೆ. "ನನ್ನ ಹಲ್ಲುಕತ್ತರಿ ಯಾರು ಮುಟ್ಟಿದ್ದು? ನೂಲು ಕೂಡ ಕಡೀತಿಲ್ಲ. ತಗಡು ಕತ್ತರಿಸಿದ ಹಾಗಾಗಿದೆ. ಬಟ್ಟೆ ಕತ್ತರಿಗೆ ಬೇರೆ ಏನೂ ತೋರಿಸಬೇಡಿ ಅಂತ ಸಾವಿರ ಸಲ ಹೇಳಿದ್ದೀನಿ ಅತ್ತೆ."

ನನ್ನ ಕೈ ಇವರ ಭುಜದ ಮೇಲೆಯೇ ನಿಂತುಬಿಟ್ಟಿತು.

"ಕೊಡಮ್ಮ ಇಲ್ಲಿ," ಎಂದರು ಇವರು, ತಿರುಗಿ ನೋಡದೆ. "ನಾಳೆ ಸಾಣೆ ಹಿಡಿಸ್ಕೊಂಡು ಬರ್ತೀನಿ. ಮನೇಲಿರೋ ಸಾಮಾನು, ಯಾರ ಕೈಯಾದ್ರೂ ತಾಗುತ್ತೆ."

ಯಾಕೆ ಹಾಗಂದರೋ. ಗೊತ್ತಿದೆಯೋ, ಸುಮ್ಮನೆ ಅಂದರೋ. ಎಣ್ಣೆ ಮುಗಿಯುವ ತನಕ ತಿಕ್ಕಿದೆ.

ಏಪ್ರಿಲ್ ೭, ಭಾನುವಾರ

ಸರ್ಕಸ್ಸಮ್ಮ ಮನೆಗೇ ಬಂದಳು. ಎರಡು ಭಾನುವಾರ ಡ್ರೈವರಣ್ಣ ಕಾಣಲಿಲ್ಲ ಎಂದು ಹುಡುಕಿಕೊಂಡು. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಇವರು ಸಾಣೆಯವನ ಅಂಗಡಿಯಿಂದ ಕತ್ತರಿ ತರಲು ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಕೂರಿ ಎನ್ನಲೇಬೇಕಾಯಿತು, ಟೀ ಇಡಲೇಬೇಕಾಯಿತು. ಸಕ್ಕರೆ ಎರಡು ಚಮಚ ಹಾಕಿದೆ. ಕಡಿಮೆ ಹಾಕಬೇಕೆಂದು ಊರಿಗೆಲ್ಲ ಹೇಳುವವಳು, ಕುಡಿಯಲಿ.

"ಕಿವಿಗೆ ಬಿತ್ತಂತೆ," ಎಂದಳು. "ಚಾವಟಿ ನೋಡಬಹುದಾ ಅಕ್ಕ?"

ಕೊಟ್ಟೆ. ಕೊಡುವುದಿಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಅವಳು ಹಿಡಿಯಿಂದ ತುದಿಯ ತನಕ ಕೈಯಾಡಿಸಿ, ಮೋಟು ಬಾಲದ ಹತ್ತಿರ ನಿಂತಳು. ಕುಚ್ಚು ಸರಿಸಿ ನೋಡಿದಳು. ಅಂಚು ಹಲ್ಲುಹಲ್ಲಾಗಿ, ಹಬ್ಬದ ಕಾಗದ ಕತ್ತರಿಸಿದ ಹಾಗೆ.

"ಇಲಿ ಕಡಿದಿರಬೇಕು," ಎಂದೆ.

"ಒಳ್ಳೆ ಸಾಲಾಗಿ ಹಲ್ಲಿರೋ ಇಲಿ," ಎಂದಳು.

ಅವಳು ನಗಲಿಲ್ಲ, ನಾನೂ ನಗಲಿಲ್ಲ. ಟೀ ಕುಡಿದಳು, ಎರಡು ಚಮಚ ಸಕ್ಕರೆಯದ್ದನ್ನು ಮುಖ ಸಿಂಡರಿಸದೆ.

"ಡ್ರೈವರಣ್ಣ ಇದನ್ನ ನೋಡಿದ್ದಾರಾ?"

"ಗೊತ್ತಿಲ್ಲ."

"ನಾನಂತೂ ಹೇಳಲ್ಲ ಬಿಡಿ." ಚೀಲದಿಂದ ಹೊಸ ತೊಗಲ ಪಟ್ಟಿ ತೆಗೆದಳು. "ಬಾಲ ಸವೆಯೋದೇ ಅಕ್ಕ, ಬದಲಾಯಿಸೋಕೇ ಇರೋದು. ಇಲ್ಲಿ ಹಿಡ್ಕೊಳ್ಳಿ. ಹೆಣಿಗೆಯಿಂದ ಬರೋ ವೇಗವನ್ನ ಬಾಲ ದೂರಕ್ಕೆ ತಗೊಂಡು ಹೋಗುತ್ತೆ. ಬಾಲ ಇಲ್ದಿದ್ರೆ ವೇಗಕ್ಕೆ ಹೋಗೋಕೆ ದಾರಿ ಇರಲ್ಲ, ಬೀಸಿದವನ ಕಡೆಗೇ ತಿರುಗುತ್ತೆ. ಅವರ ಕೈಯಲ್ಲೇನೂ ತಪ್ಪಿಲ್ಲ."

ನಾನು ಒಂದು ತುದಿ ಹಿಡಿದೆ, ಅವಳು ಇನ್ನೊಂದು ತುದಿಯಿಂದ ಗಂಟು ಹಾಕಿದಳು. ಹೇಗೆ ಹಾಕಿದಳೆಂದು ನೋಡಿಕೊಂಡೆ. ಹತ್ತಿರದಿಂದ ನೋಡಿದರೆ ಅವಳ ಬೆರಳ ಗೆಣ್ಣುಗಳೂ ನನ್ನವುಗಳ ಹಾಗೇ ಊದಿವೆ.

"ನಿಮ್ಮ ವಿಷ್ಯ ಎಷ್ಟು ಕೇಳಿದ್ದೀನಿ ಅಂದ್ರೆ," ಎಂದಳು, "ನಿಮ್ಮ ಮೂಗು ಇನ್ನೂ ದೊಡ್ಡದಿರಬೇಕು ಅಂದ್ಕೊಂಡಿದ್ದೆ."

"ನನ್ನ ಮೂಗಿನ ವಿಷ್ಯ ಏನಂದ್ರು?"

"ಸಿಟ್ಟು ಬಂದ್ರೆ ಅದು ಕೆಂಪಾಗುತ್ತೆ, ಬಾಗಿಲಿಂದಲೇ ಗೊತ್ತಾಗುತ್ತೆ, ಚಪ್ಪಲಿ ಬಿಡೋಕೆ ಮುಂಚೆಯೇ ಮಾತು ಬದಲಾಯಿಸಬಹುದು ಅಂತ."

ಮೈದಾನದಲ್ಲಿ ನಿಂತು ನನ್ನ ಮೂಗಿನ ವಿಚಾರ ಮಾತಾಡುತ್ತಾರೆ. ಬರಲಿ, ಕೇಳುತ್ತೇನೆ. ಹೋಗುವಾಗ ಅವಳು, "ಈ ನಾಲ್ಕಡೀದು ಅವರಿಗಲ್ಲ ಅಕ್ಕ, ಅವರ ತೋಳು ಉದ್ದ. ಇದು ನಿಮ್ಮಂಥ ಗಿಡ್ಡ ತೋಳಿಗೆ ಚೆನ್ನಾಗಿ ಕೂರುತ್ತೆ," ಎಂದಳು.

ನನ್ನ ತೋಳನ್ನು ಯಾವಾಗ ಅಳೆದಳೋ.

ಏಪ್ರಿಲ್ ೯, ಮಂಗಳವಾರ

ಚೆನ್ನಾಗಿ ಯೋಚನೆ ಮಾಡಿದೆ. ಹತ್ತಡಿಯದನ್ನು ತರಿಸುವುದು. ಅಷ್ಟುದ್ದದ್ದನ್ನು ಬೀಸುವಾಗ ಸುತ್ತಮುತ್ತ ಒಂದು ನರಪಿಳ್ಳೆ ನಿಲ್ಲುವಂತಿಲ್ಲ. ಬೇಕಾದಷ್ಟು ಮೈದಾನಕ್ಕೆ ಹೋಗಲಿ, ಬೇಕಾದಷ್ಟು ಬೀಸಲಿ, ಅವಳು ಬೇಲಿಯಾಚೆ ನಿಂತು ಅಲ್ಲಿಂದಲೇ ಡ್ರೈವರಣ್ಣ ಎನ್ನಬೇಕು. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ?

ಇವರಿಗೆ, "ಭಾನುವಾರ ಹೋಗೋಣ, ನಾನೂ ಬರ್ತೀನಿ," ಎಂದೆ.

"ನೀನಾ?"

"ಯಾಕೆ, ಅಲ್ಲಿ ನನ್ನ ಮೂಗು ಹಿಡಿಸಲ್ವಾ?"

ಇವರು ಕೆಮ್ಮಿದರು. ಎಷ್ಟೋ ದಿನದ ಮೇಲೆ ಮುಖದಲ್ಲಿ ಒಂದಿಷ್ಟು ಗೆಲುವು ಕಂಡಿತು.

ಏಪ್ರಿಲ್ ೧೪, ಭಾನುವಾರ

ಮೈದಾನದಲ್ಲಿ ಎಲ್ಲರ ಚಾವಟಿಗಳನ್ನೂ ಒಂದು ಹಾಸಿನ ಮೇಲೆ ಸಾಲಾಗಿ ಸುತ್ತಿಟ್ಟಿದ್ದರು. ನಾನೇ ಕೈ ತೋರಿಸಿ, "ಆ ಉದ್ದದ್ದು ಕೊಡಿ ಇವರಿಗೆ," ಎಂದೆ.

ಸರ್ಕಸ್ಸಮ್ಮ ನನ್ನನ್ನೊಮ್ಮೆ ನೋಡಿದಳು. "ಹತ್ತು ಇವರ ಭುಜಕ್ಕೆ ಜಾಸ್ತಿ ಆಗುತ್ತೆ ಅಕ್ಕ."

"ಕೊಡಿ. ನೋಡೇಬಿಡೋಣ."

ಎಲ್ಲರೂ ದೂರ ಸರಿದರು, ಅವಳೂ ಸರಿದಳು. ನಾನು ಅಂದುಕೊಂಡ ಹಾಗೇ. ಅಷ್ಟು ದೊಡ್ಡ ಬಯಲಲ್ಲಿ ಇವರೊಬ್ಬರೇ ನಿಂತರು, ಕಿವಿಗೆ ಪಟ್ಟಿ ಕಟ್ಟಿಕೊಂಡು. ಹಿಂದಕ್ಕೆ ಎಳೆದರು. ಭುಜ ಎದೆಯ ಮಟ್ಟದಲ್ಲೇ ಕಚ್ಚಿಕೊಂಡಿತು. ಇನ್ನೊಮ್ಮೆ ಎಳೆದರು. ಚಾವಟಿ ಹುಲ್ಲಿನ ಮೇಲೆ ಎರಡು ಮೊಳ ತೆವಳಿ ಹಾಗೇ ಬಿದ್ದುಕೊಂಡಿತು. ಗುಂಪಿನಲ್ಲೊಬ್ಬ ಆ ಕಡೆ ಮುಖ ತಿರುಗಿಸಿಕೊಂಡ. ಇವರು ನನ್ನ ಕಡೆ ನೋಡಿ ನಕ್ಕರು. ಬಸ್ಸು ಕೆಟ್ಟು ನಿಂತಾಗ ಪ್ರಯಾಣಿಕರ ಕಡೆ ನೋಡಿ ನಗುತ್ತಿದ್ದರಲ್ಲ, ಆ ನಗು. ನನ್ನ ಹತ್ತಿರ ಆ ನಗು ಇವರು ಯಾವತ್ತೂ ನಕ್ಕವರಲ್ಲ. ನಾನು ಪ್ರಯಾಣಿಕಳೇ?

"ಸಾಕು, ಅದನ್ನು ಅವರ ಕೈಯಿಂದ ಇಸ್ಕೊಳ್ಳಿ," ಎಂದೆ. ಜೋರಾಗಿಯೇ ಅಂದೆನೆಂದು ಕಾಣುತ್ತದೆ, ಎಲ್ಲರೂ ತಿರುಗಿ ನೋಡಿದರು.

ಸರ್ಕಸ್ಸಮ್ಮ ತನ್ನ ಆರಡಿಯದನ್ನು ತಂದಳು. ಇವರ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. "ನೀವೇ ಕೊಡಿ. ಎಡಗಡೆ, ಒಂದು ಹೆಜ್ಜೆ ಹಿಂದೆ ನಿಂತ್ಕೊಳ್ಳಿ. ಅಲ್ಲಿಗೆ ಅದು ಬರಲ್ಲ. ಅವರ ಮೊಣಕೈ ಕೆಳಗೆ ಬಿದ್ರೆ ಹೇಳಿ."

ಕೊಟ್ಟೆ. ನಿಂತೆ. ಇವರ ಬೆವರಿನ ವಾಸನೆ ಬರುವಷ್ಟು ಹತ್ತಿರ.

"ಮೊಣಕೈ ರೀ," ಎಂದೆ.

"ಗೊತ್ತು ಗೊತ್ತು," ಎಂದರು.

ಕೈ ಎದ್ದಿತು. ಎದೆ ದಾಟಿತು, ಕಿವಿ ದಾಟಿತು, ತಲೆಯ ಮೇಲಕ್ಕೆ ಹೋಯಿತು. ನನ್ನ ಎಣ್ಣೆಯಿಲ್ಲದೆ, ನನ್ನ ಕೈಯಿಲ್ಲದೆ, ತಾನಾಗಿಯೇ ಹೋಯಿತು. ಛಟ್ ಎಂದಾಗ ಗಿರಣಿಯ ಮಾಡಿನ ಮೇಲಿದ್ದ ಪಾರಿವಾಳಗಳು ಒಟ್ಟಿಗೆ ಎದ್ದವು. ನನಗೆ ಹೊಟ್ಟೆಕಿಚ್ಚಾಯಿತು, ಬರೆಯದೆ ಬಿಟ್ಟರೆ ಸುಳ್ಳಾದೀತು. ಆದರೂ, "ಇನ್ನೊಂದು ಸಲ," ಎಂದೆ. ಮತ್ತೆ ಇನ್ನೊಂದು ಸಲ ಎಂದೆ.

ಆಮೇಲೆ ನಾಲ್ಕಡಿಯದನ್ನು ಯಾರೋ ನನ್ನ ಕೈಗೆ ಕೊಟ್ಟರು. ನಾನೇನೂ ಕೇಳಿರಲಿಲ್ಲ. ಬೇಡ ಅಂದರೆ ಬಿಂಕ ಎಂದಾರು ಎಂದು ಬೀಸಿದೆ. ಮೊದಲೆರಡು ಸಲ ಏನೂ ಆಗಲಿಲ್ಲ. ಅದರ ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ, ಜಂಬ ಎನ್ನಿಸಿಕೊಳ್ಳುತ್ತದೆ. ಸರ್ಕಸ್ಸಮ್ಮ ನನ್ನ ಮೊಣಕೈ ಹಿಡಿದಳು. ಅವಳು ಹಿಡಿದಾಗ ನಾನು ಇವರ ಮುಖ ನೋಡಿದೆ. ಇವರು ಕಲ್ಲಿನ ಮೇಲೆ ಕುಳಿತು ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ನಮ್ಮಿಬ್ಬರನ್ನೇ ನೋಡುತ್ತಿದ್ದರು, ಮುಖ ಚಿಕ್ಕದು ಮಾಡಿಕೊಂಡು.

ಮನೆಗೆ ಬರುವಾಗ ಇವರು, "ಅವರು ನಿನ್ನ ಹತ್ರ ಅಷ್ಟೊತ್ತು ಏನು ಮಾತಾಡ್ತಿದ್ರು?" ಎಂದು ಕೇಳಿದರು.

ಏನೋ, ಹೆಂಗಸರ ಮಾತು, ಎಂದೆ.

ಏಪ್ರಿಲ್ ೧೬, ಮಂಗಳವಾರ

ಆ ಹೆಣೆಯುವ ಮುದುಕನಿಗೆ ಕಾಗದ ಬರೆದೆ. ಕಳೆದ ಸಲ ಬರೆದದ್ದರಲ್ಲಿ ಎಷ್ಟು ತಪ್ಪಾಯಿತೆಂದು ತಿಳಿದಿದೆ, ಅದಕ್ಕೇ ಈ ಸಲ ಇಲ್ಲೊಂದು ಪ್ರತಿ ಮಾಡಿಕೊಳ್ಳುತ್ತಿದ್ದೇನೆ. ಇವರು ಪಕ್ಕದಲ್ಲೇ ಕುಳಿತು ತಾವೇ ತಲೆ ಬಾಚಿಕೊಳ್ಳುತ್ತಿದ್ದಾರೆ. ಬೈತಲೆ ಸೊಟ್ಟ. ನಾನು ಏನೂ ಹೇಳಿಲ್ಲ.

"ಚಾವಟಿ ಹೆಣೆಯುವವರಿಗೆ,

ಕಳೆದ ತಿಂಗಳು ನಾಲ್ಕಡಿಯದು ಕೇಳಿದವಳು ನಾನೇ. ಅದನ್ನು ವಾಪಸು ಕಳಿಸುವುದಿಲ್ಲ. ಈ ಮನೆಯಲ್ಲಿ ಒಬ್ಬರಿಗೆ ಅದು ಸರಿಹೋಗಿದೆ, ಯಾರಿಗೆ ಎಂದು ನೀವು ಕೇಳಬೇಕಾಗಿಲ್ಲ.

ಈಗ ಇನ್ನೊಂದು ಬೇಕು. ಬೀಸುವವರು ನನ್ನ ಯಜಮಾನರು. ಎತ್ತರ ಬಾಗಿಲಿಗೆ ಒಂದು ಗೇಣು ಕಡಿಮೆ. ಅಂಗೈ ದೊಡ್ಡದು. ಬಲಭುಜ ಬಿಗಿ, ಆದರೆ ದಿನೇ ದಿನೇ ಬಿಡುತ್ತಿದೆ, ಆದ್ದರಿಂದ ಹಿಡಿ ತೀರಾ ಭಾರ ಮಾಡಬೇಡಿ. ವಾರಕ್ಕೊಮ್ಮೆ, ಸಂತೋಷಕ್ಕೆ ಬೀಸುತ್ತಾರೆ, ಪಂದ್ಯಕ್ಕಲ್ಲ. ಉದ್ದ: ಆರು ಅಡಿ. ನಿಮ್ಮ ಲೆಕ್ಕದ ಆರು, ಬಾಲ, ಕುಚ್ಚು ಬಿಟ್ಟು. ಬಾಲ ಎಷ್ಟುದ್ದ ಇರಬೇಕೋ ಅಷ್ಟುದ್ದವೇ ಇರಲಿ.

ಎಲ್ಲಿ ಬೀಸುತ್ತಾರೆ ಎಂದು ಕೇಳುತ್ತೀರಿ. ಮೈದಾನದಲ್ಲಿ. ಹೆಂಡತಿ ಒಪ್ಪಿದ್ದಾಳೆಯೇ ಎಂದು ನೀವು ಕೇಳುವುದಿಲ್ಲ. ಅದನ್ನೂ ಕೇಳಬೇಕಿತ್ತು. ಒಪ್ಪಿದ್ದಾಳೆ.

ಆಗುತ್ತದೆಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ಕೆಳಗೆ ಕೊಟ್ಟಿರುವ ನನ್ನ ವಿಳಾಸಕ್ಕೆ ಬರೆಯಿರಿ, ಆ ಹೆಂಗಸಿನ ವಿಳಾಸಕ್ಕಲ್ಲ."